ಟಿಕೆಟ್ಟಿನ ಲೆಕ್ಕ ಬೇಡ, ಎರಡನೆಯ ವರ್ಷದ ಲೆಕ್ಕ ಕೇಳಿ: ಕ್ರೈಸ್ತ ನಿರಾಶ್ರಿತರ ಪುನರ್ವಸತಿಗೆ ಕಾಣಿಕೆ ಕೊಡುವವರಿಗೆ ಬಹಿರಂಗ ಪತ್ರ

ಸಭೆಗಳ ಹಿರಿಯರಿಗೆ, ಧರ್ಮಕೇಂದ್ರಗಳ ಪಾಲನಾ ಸಮಿತಿಯವರಿಗೆ, ಬೆಂಗಳೂರು, ಮಂಗಳೂರಿನಿಂದ ಹಿಡಿದು ದುಬೈ, ಟೊರಾಂಟೊವರೆಗೆ ನೆಲೆಸಿರುವ ಕನ್ನಡ ಕ್ರೈಸ್ತ ಬಂಧುಗಳಿಗೆ, ಹಾಗೂ ಈ ವಿಷಯದಲ್ಲಿ ಪರವಾಗಿಯೋ ವಿರೋಧವಾಗಿಯೋ ಮಾತನಾಡುವ ಎಲ್ಲರಿಗೂ,

ನಮಸ್ಕಾರ.

ಇರಾಕ್, ಸಿರಿಯಾ, ಪಾಕಿಸ್ತಾನ, ಮ್ಯಾನ್ಮಾರ್‌ಗಳಲ್ಲಿ ಧರ್ಮದ ಕಾರಣಕ್ಕೆ ಹಿಂಸೆ ಅನುಭವಿಸಿದ ಕ್ರೈಸ್ತ ಕುಟುಂಬಗಳನ್ನು ಬೇರೆ ದೇಶಕ್ಕೆ ಕರೆದೊಯ್ದು ನೆಲೆಗೊಳಿಸುವ ಸಂಸ್ಥೆಗಳಿವೆ. ಅವುಗಳ ಮನವಿ ಪತ್ರ ನಿಮ್ಮ ಕೈಗೂ ಬಂದಿರಬಹುದು. ಮನವಿಯಲ್ಲಿ ಒಂದು ಮೊತ್ತ ನಮೂದಾಗಿರುತ್ತದೆ, ಇಷ್ಟು ಕೊಟ್ಟರೆ ಒಬ್ಬರು ಪಾರಾಗುತ್ತಾರೆ ಎಂದು. ವಿಮಾನದ ಟಿಕೆಟ್ಟು, ವೀಸಾ ಖರ್ಚು, ಮೊದಲ ಕೆಲವು ತಿಂಗಳ ಬಾಡಿಗೆ ಕೂಡಿಸಿದರೆ ಆ ಮೊತ್ತ ಬರುತ್ತದೆ. ಇನ್ನೊಂದು ಕಡೆ ಟೀಕೆಯೂ ಅಷ್ಟೇ ಜೋರು: ಇವರು ಮತ ನೋಡಿ ಮಣೆ ಹಾಕುತ್ತಾರೆ, ಬಂದವರು ಉಂಡ ಮನೆ ಮರೆತು ಇನ್ನೊಂದು ದೇಶಕ್ಕೆ ಓಡಿಹೋಗುತ್ತಾರೆ, ಎಲ್ಲವೂ ರಾಜಕೀಯ ಎಂದು. ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ ಎಂಬುದು ಮಾತ್ರ ಎರಡೂ ಕಡೆಯ ಮಾತಿನಲ್ಲಿ ಬರುವುದಿಲ್ಲ. ಕರೆದೊಯ್ಯುವವರ ಪಟ್ಟಿ ತಯಾರಾಗುವ ರೀತಿ, ಕಾನೂನಿನ ಸ್ಥಾನಮಾನ, ಎರಡನೆಯ ವರ್ಷ: ಇಂಥ ಯೋಜನೆಗಳು ನಿಲ್ಲುವುದೂ ಬೀಳುವುದೂ ಈ ಮೂರರ ಮೇಲೆ. ಹಣ ಕೊಡುವವರು ಕೇಳಬೇಕಾದ್ದೂ ಇವನ್ನೇ.

ಜೆಕ್ ಗಣರಾಜ್ಯದ ಪ್ರಕರಣದಿಂದ ಶುರುಮಾಡುತ್ತೇವೆ. ಎರಡೂ ಪಕ್ಷದವರು ಹೆಚ್ಚು ಎತ್ತಾಡುವ ಉದಾಹರಣೆಗಳಲ್ಲಿ ಅದೊಂದು.

2014ರ ಜೂನ್ 10ರಂದು ಐಸಿಸ್ ಮೊಸುಲ್ ನಗರವನ್ನು ವಶಪಡಿಸಿಕೊಂಡಿತು. ಜುಲೈನಲ್ಲಿ ಅಲ್ಲಿನ ಕ್ರೈಸ್ತರಿಗೆ ಗಡುವು ಕೊಟ್ಟಿತು: ಮತ ಬದಲಿಸಿ, ಜಿಜಿಯಾ ತೆರಿಗೆ ಕಟ್ಟಿ, ಊರು ಬಿಡಿ, ಇಲ್ಲವೇ ಕತ್ತಿಗೆ ಕೊರಳೊಡ್ಡಿ. ಕ್ರೈಸ್ತರ ಮನೆಗಳ ಗೋಡೆಗೆ ಅರಬ್ಬಿಯ ‘ನೂನ್’ ಅಕ್ಷರ (‘ನಸ್ರಾನಿ’, ಅಂದರೆ ಕ್ರೈಸ್ತ ಎಂಬುದರ ಮೊದಲಕ್ಷರ) ಬಳಿಯಲಾಯಿತು. ಆಗಸ್ಟ್ 6ರ ರಾತ್ರಿ ಕರಕೋಶ್ ಪಟ್ಟಣವೂ ಕೈಬಿಟ್ಟುಹೋಯಿತು. ನಿನೆವೆ ಬಯಲಿನ ಲಕ್ಷಕ್ಕೂ ಹೆಚ್ಚು ಕ್ರೈಸ್ತರು ಕುರ್ದಿಸ್ತಾನದ ಎರ್ಬಿಲ್‌ಗೆ, ಅದರಲ್ಲೂ ಅಂಕಾವಾ ಬಡಾವಣೆಗೆ ಬಂದು ಚರ್ಚುಗಳ ಅಂಗಳದಲ್ಲಿ, ಅರ್ಧ ಕಟ್ಟಿದ ಕಟ್ಟಡಗಳಲ್ಲಿ ಉಳಿದರು.

2015ರ ಡಿಸೆಂಬರ್ 14ರಂದು ಜೆಕ್ ಸರ್ಕಾರ ‘ಗೆನೆರಾತ್ಸೆ 21’ ಎಂಬ ಪ್ರತಿಷ್ಠಾನದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎರ್ಬಿಲ್ ಮತ್ತು ಲೆಬನಾನ್‌ನಿಂದ 37 ಕುಟುಂಬಗಳ 153 ಇರಾಕಿ ಕ್ರೈಸ್ತರನ್ನು ಕರೆತರುವ ಯೋಜನೆ ಅದು. ಭದ್ರತಾ ತಪಾಸಣೆ, ವೀಸಾ ಸರ್ಕಾರದ ಹೊಣೆ. ವಸತಿ, ಹೊಂದಾಣಿಕೆ ಪ್ರತಿಷ್ಠಾನದ ಹೊಣೆ. 2016ರ ಜನವರಿ ಕೊನೆಗೆ ಮೊದಲ ತಂಡ ಬಂತು. ಏಪ್ರಿಲ್ ಹೊತ್ತಿಗೆ ಬಂದವರು ಒಟ್ಟು 89. ಅಷ್ಟರಲ್ಲಿ ಕೆಲವರು ಇರಾಕಿಗೆ ಮರಳಿದ್ದರು. ಏಪ್ರಿಲ್ ಆರಂಭದಲ್ಲಿ ಯಿಹ್ಲಾವಾ ಪಟ್ಟಣದ ಕಡೆ ಇಳಿಸಿದ್ದವರಲ್ಲಿ 25 ಮಂದಿ ಬಸ್ಸು ಹತ್ತಿ ಜರ್ಮನಿಗೆ ಹೊರಟರು. ಗಡಿ ದಾಟಿದ ಮೇಲೆ ಸ್ಯಾಕ್ಸನಿಯಲ್ಲಿ ಜರ್ಮನ್ ಪೊಲೀಸರು ತಡೆದರು. ಕೆಲವೇ ದಿನಗಳಲ್ಲಿ ಗೃಹ ಸಚಿವ ಮಿಲಾನ್ ಖೊವಾನೆಟ್ಸ್ ಯೋಜನೆಯನ್ನು ನಿಲ್ಲಿಸಿದರು. ಎರ್ಬಿಲ್‌ನಲ್ಲಿ ಸರದಿ ಕಾಯುತ್ತಿದ್ದ ಉಳಿದ ಕುಟುಂಬಗಳ ದಾರಿ ಮುಚ್ಚಿತು. ಹೋದವರು 25 ಮಂದಿ, ಬಾಗಿಲು ಮುಚ್ಚಿದ್ದು ಇನ್ನೂ ಬಾರದ 64 ಮಂದಿಗೆ.

ಪೋಲೆಂಡ್‌ನಲ್ಲೂ ಹೀಗೇ ಆಯಿತು. 1938ರಲ್ಲಿ ವಿಯೆನ್ನಾದಿಂದ ಬ್ರಿಟನ್ನಿಗೆ ತಪ್ಪಿಸಿಕೊಂಡು ಬಂದಾಗ ಕ್ರೈಸ್ತರ ನೆರವು ಪಡೆದಿದ್ದ ಯಹೂದಿ ಪ್ರಕಾಶಕ ಲಾರ್ಡ್ ಜಾರ್ಜ್ ವೈಡೆನ್‌ಫೆಲ್ಡ್ ಆ ಋಣ ತೀರಿಸಲೆಂದು ನಿಧಿ ಕಟ್ಟಿದರು. ಆ ನೆರವಿನಿಂದ 2015ರ ಜುಲೈನಲ್ಲಿ ಸುಮಾರು 150 ಸಿರಿಯನ್ ಕ್ರೈಸ್ತರು ವಾರ್ಸಾಗೆ ಬಂದರು. ಸ್ಥಳೀಯ ಹೊಣೆ ಹೊತ್ತದ್ದು ಎಸ್ತೆರಾ ಪ್ರತಿಷ್ಠಾನ. ಕೆಲವೇ ತಿಂಗಳಲ್ಲಿ ಅವರಲ್ಲಿ ಬಹುಪಾಲು ಜನ ಪೋಲೆಂಡ್ ಬಿಟ್ಟು ಜರ್ಮನಿ ಮುಂತಾದ ಕಡೆ ಸೇರಿಕೊಂಡರು. ಸ್ಲೊವಾಕಿಯಾಗೆ 2015ರ ಡಿಸೆಂಬರ್ 10ರಂದು ಎರ್ಬಿಲ್‌ನಿಂದ 149 ಅಸಿರಿಯನ್ ಕ್ರೈಸ್ತರು ಬಂದು ಕೊಶಿತ್ಸೆ ನಗರದಲ್ಲಿ ಇಳಿದರು; ಮೊದಲು ಹುಮೆನ್ನೆಯ ಶಿಬಿರ, ಆಮೇಲೆ ನಿತ್ರಾ ಸುತ್ತಲಿನ ಊರುಗಳು. ಅಲ್ಲೂ ಹಲವು ಕುಟುಂಬಗಳು ಇರಾಕಿಗೆ ಹಿಂತಿರುಗಿದವು.

ಒಂದೇ ವರ್ಷದಲ್ಲಿ, ಮೂರು ನೆರೆ ದೇಶಗಳಲ್ಲಿ, ಮೂರು ಬೇರೆ ಸಂಸ್ಥೆಗಳ ಕೈಯಲ್ಲಿ ಒಂದೇ ಬಗೆಯ ಫಲಿತಾಂಶ ಬಂದರೆ ಅದನ್ನು ಬಂದವರ ಕೃತಘ್ನತೆ ಎನ್ನುವುದು ಸೋಮಾರಿತನದ ವಿವರಣೆ. ದೋಷ ಯೋಜನೆಯ ಕಟ್ಟುವಿಕೆಯಲ್ಲೇ ಇತ್ತು.

ಮೊದಲು ಕಾನೂನಿನ ಗಂಟು. ದೇಶದ ಗಡಿ ದಾಟಿದವರು ಮಾತ್ರ 1951ರ ಜಿನೀವಾ ಒಪ್ಪಂದದ ಪ್ರಕಾರ ‘ನಿರಾಶ್ರಿತರು’. ಎರ್ಬಿಲ್ ಇರಾಕಿನೊಳಗೇ ಇದೆ. ಹಾಗಾಗಿ ಅಂಕಾವಾದಲ್ಲಿದ್ದ ಇರಾಕಿ ಕ್ರೈಸ್ತರು ಸ್ವದೇಶದಲ್ಲೇ ಸ್ಥಳಾಂತರಗೊಂಡವರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್‌ನ ಪುನರ್ವಸತಿ ಸಾಲಿಗೆ ಅವರು ಬರುವುದೇ ಇಲ್ಲ. ಆ ಸಾಲಾದರೂ ಎಷ್ಟು ಉದ್ದ? ಜಗತ್ತಿನ ಒಟ್ಟು ನಿರಾಶ್ರಿತರಲ್ಲಿ ವರ್ಷಕ್ಕೆ ಶೇ 1ರಷ್ಟು ಜನರಿಗೂ ಆ ದಾರಿಯಲ್ಲಿ ಮೂರನೆಯ ದೇಶ ಸಿಗುವುದಿಲ್ಲ. ಆಯ್ಕೆಗೆ ಅಲ್ಲಿ ಏಳು ಬಾಬತ್ತುಗಳಿವೆ: ಕಾನೂನು ಅಥವಾ ದೈಹಿಕ ರಕ್ಷಣೆಯ ಅಗತ್ಯ, ಹಿಂಸೆ ಅನುಭವಿಸಿದವರು, ವೈದ್ಯಕೀಯ ಅಗತ್ಯ, ಅಪಾಯದಲ್ಲಿರುವ ಮಹಿಳೆಯರು, ಅಪಾಯದಲ್ಲಿರುವ ಮಕ್ಕಳು, ಕುಟುಂಬ ಸೇರ್ಪಡೆ, ಬೇರೆ ಶಾಶ್ವತ ಪರಿಹಾರವೇ ಕಾಣದಿರುವುದು. ಧರ್ಮವೊಂದೇ ಅಲ್ಲಿ ಬಾಬತ್ತಲ್ಲ. ಧರ್ಮದ ಕಾರಣಕ್ಕೆ ಅಪಾಯ ಇದ್ದರೆ ಅದು ರಕ್ಷಣೆಯ ಬಾಬತ್ತಿನಡಿ ಸೇರುತ್ತದೆ.

ಜತೆಗೆ ಇನ್ನೊಂದು ತೊಡಕು. ಸಿರಿಯನ್ ಕ್ರೈಸ್ತರಲ್ಲಿ ಅನೇಕರು ದೊಡ್ಡ ಶಿಬಿರಗಳಿಗೆ ಹೋಗಲು ಹೆದರಿ ಬಾಡಿಗೆ ಮನೆಗಳಲ್ಲಿ, ಚರ್ಚುಗಳ ಆಸರೆಯಲ್ಲಿ ಉಳಿದರು. ಹಲವರು ನೋಂದಣಿಯನ್ನೇ ಮಾಡಿಸಲಿಲ್ಲ. ಹೆಸರು ನೋಂದಣಿಯಲ್ಲಿ ಇಲ್ಲದವರು ಆಯ್ಕೆಯಲ್ಲೂ ಇರುವುದಿಲ್ಲ. ಬ್ರಿಟನ್ನಿನ ಸಿರಿಯನ್ ಪುನರ್ವಸತಿ ಯೋಜನೆಯಲ್ಲಿ ಕ್ರೈಸ್ತರ ಪಾಲು ಶೇ 1ಕ್ಕಿಂತ ಕಡಿಮೆಯಾದಾಗ ದೊಡ್ಡ ಗದ್ದಲವೆದ್ದಿತು. ಅದರ ಹಿಂದಿನ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಆದ್ದರಿಂದ ಲೆಬನಾನ್, ಜೋರ್ಡಾನ್‌ಗಳಲ್ಲಿರುವ ಕುಟುಂಬಕ್ಕೆ ಸಂಸ್ಥೆಯೊಂದು ಮಾಡಬಹುದಾದ ಅತಿ ಅಗ್ಗದ, ಅತಿ ಉಪಯುಕ್ತ ಸಹಾಯವೆಂದರೆ ನೋಂದಣಿ ಕಚೇರಿಗೆ ಜತೆಗೆ ಹೋಗುವುದು. ಪ್ರಚಾರ ಚಿತ್ರಕ್ಕೆ ಅದು ಒದಗುವುದಿಲ್ಲ, ಹಾಗಾಗಿ ಮನವಿ ಪತ್ರಗಳಲ್ಲಿ ಅದಕ್ಕೆ ಜಾಗವೂ ಸಿಗುವುದಿಲ್ಲ.

ನೋಂದಣಿಯ ದಾರಿ ಇಲ್ಲದ ಕಡೆ ಉಳಿಯುವುದು ಸರ್ಕಾರವೊಂದು ಮನಸ್ಸು ಮಾಡಿ ಕೊಡುವ ಮಾನವೀಯ ವೀಸಾ. ಅದಕ್ಕೆ ಹೆಸರುಗಳ ಪಟ್ಟಿ ಬೇಕು. ಪಟ್ಟಿ ಮಾಡುವವರು ಯಾರು? ಅತ್ಯಂತ ಗಂಭೀರ ಅಕ್ರಮ ನಡೆಯುವುದು ಇಲ್ಲೇ. ಬೆಲ್ಜಿಯಂನಲ್ಲಿ ಸಿರಿಯಾದ ಅಸಿರಿಯನ್ ಕ್ರೈಸ್ತರ ಹೆಸರು ಸೂಚಿಸುವ ಮಧ್ಯವರ್ತಿಯಾಗಿದ್ದ ಮೆಖೆಲೆನ್ ನಗರಸಭೆಯ ಸದಸ್ಯರೊಬ್ಬರು ತಲೆಗೆ ಸಾವಿರಾರು ಯೂರೊ ವಸೂಲಿ ಮಾಡಿದ ಪ್ರಕರಣದಲ್ಲಿ 2021ರ ಜನವರಿಯಲ್ಲಿ ಆಂಟ್‌ವರ್ಪ್ ನ್ಯಾಯಾಲಯ 8 ವರ್ಷ ಶಿಕ್ಷೆ ವಿಧಿಸಿತು. ಹಿಂಸೆ ನಿಜ, ಬಂದವರು ನಿಜವಾದ ಕ್ರೈಸ್ತರು, ಸರ್ಕಾರದ ಉದ್ದೇಶವೂ ಒಳ್ಳೆಯದೇ. ಆದರೆ ಪಟ್ಟಿ ಒಬ್ಬರ ಜೇಬಿನಲ್ಲಿತ್ತು.

ಹಾಗಾಗಿ ಸಂಸ್ಥೆಯನ್ನು ಮೊದಲು ಕೇಳಬೇಕಾದ್ದು ಪಟ್ಟಿಯ ಬಗ್ಗೆ. ಹೆಸರು ಸೂಚಿಸುವವರು ಬೇರೆ, ಸಂದರ್ಶನ ಮಾಡುವವರು ಬೇರೆ, ಒಪ್ಪಿಗೆ ಕೊಡುವವರು ಬೇರೆ ಇದ್ದಾರೆಯೇ? ಕೈಬಿಟ್ಟ ಕುಟುಂಬಕ್ಕೆ ಕಾರಣ ತಿಳಿಸುವ, ಮರುಪರಿಶೀಲನೆ ಕೇಳುವ ಅವಕಾಶ ಇದೆಯೇ? ಸ್ಥಳೀಯ ಪಾದ್ರಿಯ ಪತ್ರವೊಂದೇ ಆಧಾರವಾದರೆ ಆ ಪಾದ್ರಿಯ ಬಂಧುಬಳಗಕ್ಕೆ ಮೊದಲ ಮಣೆ ಸಿಕ್ಕೀತು, ಮತ್ತೊಂದು ಪಂಗಡದವರಿಗೆ ಬಾಗಿಲೇ ತೆರೆಯದಿದ್ದೀತು. ಜ್ಞಾನಸ್ನಾನದ ಪ್ರಮಾಣಪತ್ರ ಬೇಕಾದರೆ ನಕಲಿಯೂ ಸಿಗುತ್ತದೆ. ಇರಾಕಿನಲ್ಲಿ ನಾಗರಿಕ ನೋಂದಣಿಯಲ್ಲೇ ಧರ್ಮ ದಾಖಲಾಗಿರುತ್ತದೆ, ಆದ್ದರಿಂದ ಹುಟ್ಟು ಕ್ರೈಸ್ತರನ್ನು ಗುರುತಿಸುವುದು ಸುಲಭ. ಮತಾಂತರಗೊಂಡವರ ಅಪಾಯ ಅವರಿಗಿಂತ ಹೆಚ್ಚು. ದಾಖಲೆಯಲ್ಲಿ ಮಾತ್ರ ಅವರು ಇನ್ನೂ ಮುಸ್ಲಿಮರು. ದಾಖಲೆ ನೋಡಿ ಆರಿಸುವ ಸಂಸ್ಥೆ ಇವರನ್ನು ತಪ್ಪದೆ ಕೈಬಿಡುತ್ತದೆ. ಇನ್ನು ಕುಟುಂಬದಿಂದ ಯಾವುದೇ ಹೆಸರಿನಲ್ಲಿ ಹಣ ಪಡೆದರೆ, ‘ಠೇವಣಿ’ ಎಂದರೂ, ಅಲ್ಲಿಗೇ ನಿಮ್ಮ ಕಾಣಿಕೆ ನಿಲ್ಲಬೇಕು. ನಾಗರಿಕರೇ ಹಣ ಹೊಂದಿಸಿ ನಿರಾಶ್ರಿತರನ್ನು ಕರೆಸಿಕೊಳ್ಳುವ ಕೆನಡಾದ ಖಾಸಗಿ ಪ್ರಾಯೋಜಕತ್ವದ ನಿಯಮದಲ್ಲಿ ಪ್ರಾಯೋಜಕರು ನಿರಾಶ್ರಿತರಿಂದ ಹಣ ತೆಗೆದುಕೊಳ್ಳುವುದು ನಿಷಿದ್ಧ. ಬೇರೆ ದೇಶದ ಸಂಸ್ಥೆಗೂ ಇದೇ ಅಳತೆ ಹಾಕಿ.

ಎರಡನೆಯದು ಹೊರಡುವ ಮುನ್ನ ನಡೆಯುವ ಮಾತುಕತೆ. ಜೆಕ್, ಪೋಲೆಂಡ್ ಯೋಜನೆಗಳು ಸೋರಿದ್ದು ಇಲ್ಲಿ. ಯುರೋಪಿನಲ್ಲಿ ಡಬ್ಲಿನ್ ನಿಯಮ ಎಂಬುದೊಂದಿದೆ: ಯಾವ ದೇಶ ವೀಸಾ ಕೊಟ್ಟಿತೋ ಆಶ್ರಯದ ಅರ್ಜಿಯನ್ನು ತೀರ್ಮಾನಿಸುವ ಹೊಣೆ ಸಾಮಾನ್ಯವಾಗಿ ಅದರದೇ. ಜೆಕ್ ವೀಸಾದಲ್ಲಿ ಬಂದವರು ಜರ್ಮನಿಯಲ್ಲಿ ಅರ್ಜಿ ಹಾಕಿದರೆ ಜರ್ಮನಿ ಅವರನ್ನು ಜೆಕ್‌ಗೇ ಹಿಂದಕ್ಕೆ ಕಳಿಸಲು ಕೇಳಬಹುದು. ಆಶ್ರಯ ಮಂಜೂರಾದ ಮೇಲೂ, ಒಳಗಡಿಗಳಲ್ಲಿ ತಪಾಸಣೆ ಇಲ್ಲದ ಷೆಂಗೆನ್ ಪ್ರದೇಶದ ಇನ್ನೊಂದು ದೇಶದಲ್ಲಿ 180 ದಿನಗಳಲ್ಲಿ 90 ದಿನ ಇದ್ದು ಬರಬಹುದು, ಅಷ್ಟೇ. ಅಲ್ಲಿ ನೆಲೆಸಿ ಕೆಲಸ ಮಾಡುವ ಹಕ್ಕು ಬರುವುದಿಲ್ಲ. ದೀರ್ಘಾವಧಿ ನಿವಾಸಿಯ ಸ್ಥಾನ ಕೇಳಲು 5 ವರ್ಷ ಬೇಕು. ಎರ್ಬಿಲ್‌ನಲ್ಲಿ ಕುಳಿತವರಿಗೆ ಯುರೋಪ್ ಅಂದರೆ ಒಂದೇ ಊರು. ತಮ್ಮ, ಚಿಕ್ಕಪ್ಪ, ಸೋದರತ್ತೆ ಜರ್ಮನಿಯಲ್ಲೋ ಸ್ವೀಡನ್ನಿನ ಸೋಡರ್ತೆಲ್ಯೆಯಲ್ಲೋ ಇದ್ದರೆ, ಪ್ರಾಗ್ ಅಲ್ಲಿಗೆ ಹೋಗುವ ದಾರಿಯ ನಿಲ್ದಾಣದಂತೆ ಕಾಣುವುದು ಸಹಜ.

ಸಂದರ್ಶನದಲ್ಲಿ ‘ನಿಮ್ಮ ಬಂಧುಗಳು ಯಾವ ಯಾವ ದೇಶದಲ್ಲಿದ್ದಾರೆ’ ಎಂದು ಮೊದಲೇ ಕೇಳಿ, ಹತ್ತಿರದವರು ಜರ್ಮನಿಯಲ್ಲಿದ್ದರೆ ಆ ಕುಟುಂಬಕ್ಕೆ ಜರ್ಮನಿಯ ದಾರಿ ಹುಡುಕಬೇಕೇ ಹೊರತು ಜೆಕ್ ವಿಮಾನ ಹತ್ತಿಸಬಾರದು. ಇದಕ್ಕೆ ಒಂದೇ ಭೇಟಿ ಸಾಲದು. ಕನಿಷ್ಠ ಎರಡು ಭೇಟಿ ಬೇಕು, ನಡುವೆ ಕೆಲವು ವಾರದ ಬಿಡುವು ಬೇಕು. ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಮಾತನಾಡಬೇಕು. ಹೋಗುವ ಊರಿನ ಚಳಿ, ಸಿಗುವ ಮನೆಯ ಅಳತೆ, ತಿಂಗಳ ಭತ್ಯೆ, ಹತ್ತಿರದ ಪೇಟೆಗೆ ಬಸ್ಸು ದಿನಕ್ಕೆ ಎಷ್ಟು ಬಾರಿ ಎಂಬುದನ್ನು ಅವರ ಭಾಷೆಯಲ್ಲಿ ಬರೆದು ಕೊಡಬೇಕು. ಅವರ ಭಾಷೆ ಎಂದರೆ ಬರೀ ಅರಬ್ಬಿ ಅಲ್ಲ. ಕರಕೋಶ್ ಸುತ್ತಿನವರ ಮನೆಮಾತು ಸುರೆತ್, ಯೇಸುವಿನ ಕಾಲದ ಅರಮಾಯಿಕ್‌ನ ಇಂದಿನ ರೂಪಗಳಲ್ಲೊಂದು. ಅಜ್ಜಿಯೊಡನೆ ಅರಬ್ಬಿ ದುಭಾಷಿ ಮಾತನಾಡಿದರೆ ಅವಳು ತಲೆಯಾಡಿಸುತ್ತಾಳೆ, ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ.

ಒಯ್ಯಬೇಕಾದ ಕಾಗದಪತ್ರಗಳ ವಿಷಯ ಚಿಕ್ಕದೆಂದು ತೋರುತ್ತದೆ, ಆದರೆ ಬದುಕನ್ನೇ ಕಾಡುತ್ತದೆ. ಜನನ ಪ್ರಮಾಣಪತ್ರ, ಚರ್ಚಿನ ಮತ್ತು ಸರ್ಕಾರದ ಮದುವೆ ದಾಖಲೆ, ಮಕ್ಕಳ ಅಂಕಪಟ್ಟಿ, ಲಸಿಕೆಯ ಚೀಟಿ, ಪದವಿ ಪತ್ರದ ಮೂಲ ಪ್ರತಿ, ನಿನೆವೆಯಲ್ಲಿ ಬಿಟ್ಟುಬಂದ ಮನೆಯ ಹಕ್ಕುಪತ್ರ. ಮೊಸುಲ್ ವಿಶ್ವವಿದ್ಯಾಲಯ 2017ರ ಜನವರಿವರೆಗೆ ಐಸಿಸ್ ಕೈಯಲ್ಲಿತ್ತು. ಅಲ್ಲಿ ಓದಿದ ಎಂಜಿನಿಯರ್ ಮೂಲ ಪತ್ರವಿಲ್ಲದೆ ಬಂದರೆ ಅದನ್ನು ಖಚಿತಪಡಿಸಿಕೊಳ್ಳುವುದು ಕಷ್ಟವಾಗಿತ್ತು.

‘ಕುಟುಂಬ’ ಎಂದರೆ ಯಾರು ಎಂಬುದನ್ನೂ ಹೊರಡುವ ಮುನ್ನ ತಿಳಿಸಬೇಕು. ಬಹುತೇಕ ದೇಶಗಳ ಕಾನೂನಿನಲ್ಲಿ ಗಂಡ, ಹೆಂಡತಿ, ಮದುವೆಯಾಗದ ಅಪ್ರಾಪ್ತ ಮಕ್ಕಳು, ಅಷ್ಟೇ. ಒಂದೇ ಸೂರಿನಡಿ ಬೆಳೆದ 19 ವರ್ಷದ ಮಗ, ಅಜ್ಜಿ, ವಿಧವೆ ಅತ್ತಿಗೆ ಆ ಲೆಕ್ಕದಿಂದ ಹೊರಗೆ. ಕೂಡುಕುಟುಂಬ ಕಂಡ ನಮಗೆ ಇದರ ನೋವು ವಿವರಿಸಬೇಕಿಲ್ಲ. ಆಮೇಲೆ ಕರೆಸಿಕೊಳ್ಳೋಣ ಎಂದವರಿಗೆ ಐರೋಪ್ಯ ಒಕ್ಕೂಟದ ನಿಯಮದಲ್ಲೊಂದು ಗಡುವಿದೆ: ನಿರಾಶ್ರಿತ ಸ್ಥಾನ ಸಿಕ್ಕ 3 ತಿಂಗಳೊಳಗೆ ಹೆಂಡತಿ ಮಕ್ಕಳಿಗಾಗಿ ಅರ್ಜಿ ಹಾಕಿದರೆ ಆದಾಯ, ವಸತಿ, ವಿಮೆಯ ಪುರಾವೆ ಕೇಳುವಂತಿಲ್ಲ. ಗಡುವು ದಾಟಿದರೆ ದೇಶಗಳು ಅವನ್ನು ಕೇಳಬಹುದು. ಹೊಸ ಭಾಷೆ ಕಲಿಯುತ್ತಾ ಕುಳಿತವರಿಗೆ ಆ 3 ತಿಂಗಳು ಕಳೆದದ್ದೇ ಗೊತ್ತಾಗುವುದಿಲ್ಲ. ಸಂಸ್ಥೆಯ ವಕೀಲರು ಈ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರೆಯೇ ಎಂದು ಕೇಳಿ. ವಕೀಲರೇ ಇಲ್ಲವೆಂದರೆ ಬೇರೆ ಪ್ರಶ್ನೆ ಕೇಳಬೇಕಾಗಿಯೇ ಇಲ್ಲ.

ಹಿಂತಿರುಗುವ ಹಕ್ಕಿನ ಬಗ್ಗೆ ಎರಡು ಮಾತು. ಆಶ್ರಯ ಕೇಳಿದವರ ಪಾಸ್‌ಪೋರ್ಟ್ ಅಧಿಕಾರಿಗಳ ವಶಕ್ಕೆ ಹೋಗುತ್ತದೆ. ಊರಿಗೆ ಮರಳಬೇಕೆಂದರೆ ಅರ್ಜಿ ಹಿಂಪಡೆಯಬೇಕು. ಆಶ್ರಯ ಸಿಕ್ಕ ಮೇಲೆ ತಾಯಿ ಹಾಸಿಗೆ ಹಿಡಿದಳೆಂದು ಇರಾಕಿಗೆ ಹೋಗಿ ಬಂದರೆ, ಸ್ವದೇಶದ ರಕ್ಷಣೆಯನ್ನು ಮತ್ತೆ ಪಡೆದಿದ್ದಾರೆಂದು ಹೇಳಿ ಸ್ಥಾನಮಾನ ರದ್ದುಮಾಡಲು 1951ರ ಒಪ್ಪಂದದಲ್ಲೇ ಆಸ್ಪದ ಇದೆ. ಇದನ್ನು ಮೊದಲೇ ಹೇಳದೆ ಕರೆತರುವುದು ಮೋಸ. ಕರಕೋಶ್ 2016ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು, ಮನೆ ಮತ್ತೆ ಕಟ್ಟುವ ಕೆಲಸ ಶುರುವಾಯಿತು. ಆ ಬಳಿಕ ಸ್ಲೊವಾಕಿಯಾದಿಂದ ಮರಳಿದವರನ್ನು ಯೋಜನೆಯ ಸೋಲಿನ ಲೆಕ್ಕಕ್ಕೆ ಸೇರಿಸುವುದು ನಮಗೆ ಸರಿ ಕಾಣುವುದಿಲ್ಲ. ಮರಳುವ ಟಿಕೆಟ್ಟಿಗೆ ಹಣ ಎತ್ತಿಟ್ಟಿದ್ದರೆ ಅದು ಸಂಸ್ಥೆಯ ಪ್ರಾಮಾಣಿಕತೆಯ ಗುರುತು.

ಇನ್ನು ವಸತಿ. ಹಳ್ಳಿಯಂಚಿನ ರಜಾ ವಸತಿಗೃಹ, ಖಾಲಿ ಬಿದ್ದ ಹಾಸ್ಟೆಲ್ಲು, ಚರ್ಚಿನ ಶಿಬಿರ ಮನೆ ಅಗ್ಗಕ್ಕೆ, ಬೇಗ ಸಿಗುತ್ತವೆ. ಕೆಲಸ, ಶಾಲೆ, ಆಸ್ಪತ್ರೆ, ಅರಬ್ಬಿ ಅಂಗಡಿ ಮಾತ್ರ ದೂರ. ಎರಡೋ ಮೂರೋ ಕುಟುಂಬಗಳನ್ನು ಒಂದೊಂದು ಊರಿಗೆ ಹಂಚಿದರೆ ಸ್ಥಳೀಯರೊಡನೆ ಬೇಗ ಬೆರೆಯುತ್ತಾರೆಂಬುದು ಸರ್ಕಾರಗಳ ಲೆಕ್ಕಾಚಾರ. ಆಗುವುದು ಬೇರೆ: ಒಂಟಿಯಾದವರು ತಮ್ಮವರಿರುವ ಕಡೆಗೆ ಹೊರಡುತ್ತಾರೆ. ನಮ್ಮ ಮೈಸೂರು ರಾಜ್ಯ 1960ರ ಆಸುಪಾಸಿನಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕೊಟ್ಟಾಗ, ಬಳಿಕ ಮುಂಡಗೋಡದಲ್ಲಿ ನೆಲೆ ಕೊಟ್ಟಾಗ, ಅವರನ್ನು ಊರೂರಿಗೆ ಚದುರಿಸಲಿಲ್ಲ. ಜಮೀನು, ಶಾಲೆ, ಮಠ, ಸಹಕಾರ ಸಂಘ ಒಂದೇ ಕಡೆ ಇದ್ದವು. ಅದರಲ್ಲೂ ಕೊರತೆಗಳಿವೆ, ಇಂದಿನ ಯುವಕರು ವಿದೇಶಕ್ಕೆ ಹೋಗುತ್ತಲೂ ಇದ್ದಾರೆ. ಆದರೂ ಮೊದಲ ಎರಡು ತಲೆಮಾರು ನೆಲ ಕಚ್ಚಿ ನಿಂತದ್ದಕ್ಕೆ ಒಟ್ಟಾಗಿದ್ದುದೂ ಒಂದು ಕಾರಣ. ನಿರಾಶ್ರಿತರಿಗೆ ನೆಲೆ ಕೊಟ್ಟ ಅನುಭವ ಕನ್ನಡ ನಾಡಿಗೇ ಇರುವಾಗ ಈ ಪ್ರಶ್ನೆ ಕೇಳಲು ನಾವು ಯಾರನ್ನೂ ಕಾಯಬೇಕಿಲ್ಲ.

ಪಂಗಡದ ವಿಷಯವನ್ನು ದಾನಿಗಳು ಬಹಳ ಮಟ್ಟಿಗೆ ಮರೆಯುತ್ತಾರೆ. ನಿನೆವೆಯಿಂದ ಬಂದವರು ಹೆಚ್ಚಾಗಿ ಖಾಲ್ದಿಯನ್ ಕಥೋಲಿಕರು, ಸಿರಿಯಕ್ ಕಥೋಲಿಕರು, ಸಿರಿಯಕ್ ಆರ್ಥಡಾಕ್ಸ್, ಪೂರ್ವದ ಅಸಿರಿಯನ್ ಸಭೆಯವರು. ಹಣ ಕೊಡುವವರು ಹಲವು ಬಾರಿ ಇವಾಂಜೆಲಿಕಲ್ ಸಭೆಗಳವರು. ‘ನಮ್ಮ ಆರಾಧನೆಗೆ ಬನ್ನಿ’ ಎಂಬ ಪ್ರೀತಿಯ ಕರೆ, ಬಾಡಿಗೆ ಕಟ್ಟುವವರ ಬಾಯಿಂದ ಬಂದಾಗ ಒತ್ತಾಯವಾಗಿಬಿಡುತ್ತದೆ. ಬೆಂಗಳೂರಿನ ಯಾಕೋಬಾಯ ಚರ್ಚಿನವರಿಗೆ ಈ ಸೂಕ್ಷ್ಮ ನಮಗಿಂತ ಚೆನ್ನಾಗಿ ಗೊತ್ತು. ಸಿರಿಯಕ್ ಪ್ರಾರ್ಥನೆ ಅವರಿಗೆ ಪರಕೀಯವಲ್ಲ. ನೆರವಿಗೂ ಆರಾಧನೆಯ ಹಾಜರಾತಿಗೂ ಸಂಬಂಧವಿಲ್ಲವೆಂದು ಸಂಸ್ಥೆ ಬರೆದುಕೊಡಬೇಕು.

ಈಗ ಹಣದ ಮಾತು. ಕೆನಡಾ ಸರ್ಕಾರ ಖಾಸಗಿ ಪ್ರಾಯೋಜಕರಿಗೆಂದು ಪ್ರಕಟಿಸಿದ್ದ ಕೋಷ್ಟಕದಲ್ಲಿ ಒಬ್ಬರಿಗೆ 16,500, ನಾಲ್ವರ ಕುಟುಂಬಕ್ಕೆ 28,700 ಕೆನಡಿಯನ್ ಡಾಲರ್. ಇದು ಆರಂಭದ ಖರ್ಚು ಸೇರಿ 12 ತಿಂಗಳಿಗೆ. ಮನೆ, ಪೀಠೋಪಕರಣ, ಬಟ್ಟೆ ದಾನವಾಗಿ ಬಂದರೆ ಅದರ ಒಂದು ಪಾಲನ್ನು ಕಳೆಯಬಹುದು. ಬ್ರಿಟನ್ನಿನ ಸಮುದಾಯ ಪ್ರಾಯೋಜಕತ್ವ 2016ರಲ್ಲಿ ಶುರುವಾದಾಗ ಗುಂಪೊಂದು ಕನಿಷ್ಠ 9,000 ಪೌಂಡ್ ತೋರಿಸಬೇಕಿತ್ತು, 2 ವರ್ಷಕ್ಕೆ ಮನೆ ಒದಗಿಸಬೇಕಿತ್ತು. ಆ 2 ವರ್ಷ ಎಂಬ ಷರತ್ತಿನಲ್ಲೇ ಅನುಭವ ಅಡಗಿದೆ. ಮೊದಲ ವರ್ಷ ಉತ್ಸಾಹ ಇರುತ್ತದೆ. ಸ್ವಯಂಸೇವಕರು ಸಾಲುಗಟ್ಟಿ ನಿಲ್ಲುತ್ತಾರೆ. 13ನೆಯ ತಿಂಗಳಿಗೆ ಭತ್ಯೆ ನಿಲ್ಲುತ್ತದೆ, ಬಾಡಿಗೆ ಕರಾರು ಮುಗಿಯುತ್ತದೆ, ಭಾಷೆ ಇನ್ನೂ ಅರೆಬರೆ, ಮನೆ ಯಜಮಾನನಿಗೆ ಸಿಕ್ಕ ಕೆಲಸ ಗೋದಾಮಿನಲ್ಲಿ ರಾತ್ರಿ ಪಾಳಿ. ಕುಟುಂಬ ಮುರಿಯುವುದು ಆಗ. ಟಿಕೆಟ್ಟಿನ ಬಗ್ಗೆಯೂ ಒಂದು ಪ್ರಶ್ನೆ ಇದೆ: ಅದು ದಾನವೋ ಸಾಲವೋ? ಅಮೆರಿಕ, ಕೆನಡಾಗಳಲ್ಲಿ ಪ್ರಯಾಣದ ಖರ್ಚನ್ನು ನಿರಾಶ್ರಿತರೇ ಕಂತಿನಲ್ಲಿ ತೀರಿಸುವ ಸಾಲದ ಪದ್ಧತಿ ಇದೆ. ಸಾಲವಾಗಿ ಕೊಟ್ಟ ಟಿಕೆಟ್ಟಿಗೆ ನಿಮ್ಮಿಂದ ದಾನ ಎತ್ತಿದ್ದರೆ ಆ ಹಣ ಎಲ್ಲಿಗೆ ಹೋಯಿತು?

ಇನ್ನು ಮುಖ್ಯ ವಿವಾದ: ಕ್ರೈಸ್ತರಿಗೆ ಮಾತ್ರ ಏಕೆ? ನಮ್ಮ ಅಭಿಪ್ರಾಯ ಹೀಗಿದೆ. ಒಂದು ಪಂಗಡದವರು ತಮ್ಮ ಹಣದಲ್ಲಿ ತಮ್ಮವರಿಗೆ ನೆರವಾಗುವುದು ತಪ್ಪಲ್ಲ. ಜಗತ್ತಿನ ಯಹೂದಿ, ಇಸ್ಮಾಯಿಲಿ, ಪಾರ್ಸಿ ದತ್ತಿಗಳೂ ಅದನ್ನೇ ಮಾಡುತ್ತಾ ಬಂದಿವೆ. ಸರ್ಕಾರಕ್ಕೆ ಆ ಸ್ವಾತಂತ್ರ್ಯ ಇಲ್ಲ. 1951ರ ಒಪ್ಪಂದದ 3ನೆಯ ವಿಧಿ ಧರ್ಮದ ಆಧಾರದ ಭೇದವನ್ನು ನಿಷೇಧಿಸುತ್ತದೆ. 2015ರಲ್ಲಿ ಸ್ಲೊವಾಕಿಯಾ ಸರ್ಕಾರ ಕ್ರೈಸ್ತರನ್ನು ಮಾತ್ರ ತೆಗೆದುಕೊಳ್ಳುವ ಮಾತಾಡಿದಾಗ ಆದ ತಪ್ಪು ಅದು. ಕ್ರೈಸ್ತ ದತ್ತಿಯೊಂದರ 149 ಜನರನ್ನು ತೋರಿಸಿ, ಐರೋಪ್ಯ ಒಕ್ಕೂಟ ಸದಸ್ಯ ದೇಶಗಳಿಗೆ ಹಂಚಿದ ನಿರಾಶ್ರಿತರ ಹೊಣೆಯಿಂದ ನುಣುಚಿಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಪೋಲೆಂಡ್, ಹಂಗೇರಿ, ಜೆಕ್ ಗಣರಾಜ್ಯಗಳು ಆ ಹೊಣೆ ನಿಭಾಯಿಸಲಿಲ್ಲವೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2020ರ ಏಪ್ರಿಲ್ 2ರಂದು ತೀರ್ಪು ಕೊಟ್ಟಿತು. ಸಂಸ್ಥೆಯ ಪದಾಧಿಕಾರಿಗಳು ವೇದಿಕೆಯ ಮೇಲೆ ಮುಸ್ಲಿಮರ ವಿರುದ್ಧ ಮಾತಾಡಿ ಕಾಣಿಕೆ ಎತ್ತುವುದಾದರೆ, ಅವರು ಕರೆತಂದ ಕುಟುಂಬದ ಮಕ್ಕಳು ಶಾಲೆಯಲ್ಲಿ ಅದರ ಬೆಲೆ ತೆರುತ್ತಾರೆ. ಅಲ್ಲಿ ಅರಬ್ಬಿ ಮಾತಾಡುವ ಮಗುವಿನ ಕೊರಳಿನ ಶಿಲುಬೆಯನ್ನು ಯಾರೂ ನೋಡುವುದಿಲ್ಲ.

ಧರ್ಮಕ್ಕಿಂತ ಗಾಯವನ್ನು ಅಳತೆಗೋಲು ಮಾಡಿಕೊಂಡ ಯೋಜನೆಯೂ ಅದೇ ಕಾಲದಲ್ಲಿ ನಡೆಯಿತು. ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2015-16ರಲ್ಲಿ ಐಸಿಸ್ ಸೆರೆಯಿಂದ ಪಾರಾದ ಸುಮಾರು 1,100 ಮಹಿಳೆಯರು ಮತ್ತು ಮಕ್ಕಳನ್ನು ಕರೆತಂದಿತು. ಬಹುಪಾಲು ಯಜೀದಿಗಳು (ಇರಾಕಿನ ಒಂದು ಅಲ್ಪಸಂಖ್ಯಾತ ಧರ್ಮದವರು), ಜತೆಗೆ ಕೆಲವರು ಕ್ರೈಸ್ತರು, ಮುಸ್ಲಿಮರು. ಮನೋವೈದ್ಯಕೀಯ ತಜ್ಞರು ಇರಾಕಿನಲ್ಲೇ ಒಬ್ಬೊಬ್ಬರನ್ನೂ ಸಂದರ್ಶಿಸಿದರು. ಜರ್ಮನಿಗೆ ಬಂದರೆ ಉಪಯೋಗವಾಗುವುದೇ ಎಂಬುದೂ ಒಂದು ಮಾನದಂಡವಾಗಿತ್ತು. ಬರುವ ಮೊದಲೇ ನಿವಾಸದ ಪರವಾನಗಿ ನಿರ್ಧಾರವಾಗಿತ್ತು. ಜೆಕ್‌ನಲ್ಲಿ ಆದಂತೆ ಬಂದಿಳಿದ ಮೇಲೆ ಆಶ್ರಯದ ಅರ್ಜಿ ಹಾಕಿ ಕಾಯಬೇಕಾಗಿರಲಿಲ್ಲ. ರಾಜ್ಯ ಎತ್ತಿಟ್ಟದ್ದು 95 ದಶಲಕ್ಷ ಯೂರೊ. ದತ್ತಿ ಸಂಸ್ಥೆಗೆ ಅಷ್ಟು ಹಣ ಎಲ್ಲಿಂದ ಬರಬೇಕು ಎನ್ನಬಹುದು. ಸರಿಯೇ, ಆದರೆ ಒಬ್ಬರನ್ನು ನಿಜವಾಗಿ ನೆಲೆಗೊಳಿಸಲು ಎಷ್ಟು ಬೇಕಾಗುತ್ತದೆ ಎಂಬ ಅಂದಾಜು ಅದರಿಂದ ಸಿಗುತ್ತದೆ. ಟಿಕೆಟ್ಟಿನ ಮೊತ್ತವನ್ನು ‘ಜೀವದ ಬೆಲೆ’ ಎಂದು ಅಚ್ಚು ಹಾಕಿಸುವವರು ಆ ಅಂಕಿಯನ್ನು ಒಮ್ಮೆ ನೋಡಬೇಕು.

ಕ್ರೈಸ್ತ ಸಭೆಯೊಳಗೇ ಇರುವ ವಿರೋಧವೂ ನಿಮಗೆ ಗೊತ್ತಿರಲಿ. ಖಾಲ್ದಿಯನ್ ಪಿತೃಪ್ರಧಾನರಾಗಿದ್ದಾಗ ಲೂಯಿ ರಫಾಯೆಲ್ ಸಾಕೊ, ಕ್ರೈಸ್ತರನ್ನು ಹೊರಗೆ ಸಾಗಿಸಿದರೆ ಇರಾಕಿನಲ್ಲಿ ಸಭೆಯೇ ಬರಿದಾಗುತ್ತದೆಂದು ಮತ್ತೆ ಮತ್ತೆ ಎಚ್ಚರಿಸಿದರು. 2003ಕ್ಕೆ ಮೊದಲು ಹತ್ತು ಲಕ್ಷ ದಾಟಿತ್ತು ಎನ್ನಲಾಗುವ ಸಂಖ್ಯೆ ಈಗ ಅದರ ಕಾಲು ಭಾಗವೂ ಇಲ್ಲ. ಹಂಗೇರಿ ಸರ್ಕಾರ ತೆಲ್‌ಸ್ಕುಫ್ ಪಟ್ಟಣದ ಮನೆಗಳ ದುರಸ್ತಿಗೆ 20 ಲಕ್ಷ ಯೂರೊ ಕೊಟ್ಟದ್ದು ಒಳ್ಳೆಯ ಕೆಲಸ, ತನ್ನ ಗಡಿಗೆ ಬೇಲಿ ಹಾಕಿದ್ದಕ್ಕೆ ಅದನ್ನೇ ಸಮಜಾಯಿಷಿ ಮಾಡಿಕೊಂಡದ್ದು ಬೇರೆ ಮಾತು. ಆದರೆ ಬೆದರಿಕೆ ಇನ್ನೂ ಜೀವಂತವಾಗಿರುವ ಮತಾಂತರಿಗೆ, ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳಿಗೆ ‘ಸಭೆ ಉಳಿಸಲು ನೀನು ಇಲ್ಲೇ ಇರು’ ಎನ್ನುವ ಅಧಿಕಾರ ಯಾವ ಪಿತೃಪ್ರಧಾನರಿಗೂ ಇಲ್ಲವೆಂದು ನಾವು ತಿಳಿಯುತ್ತೇವೆ.

ನಮ್ಮ ದೇಶದ ಮಟ್ಟಿಗೆ: ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಕ್ರೈಸ್ತರ ಹೆಸರಿದೆ, ಆದರೆ ಅಫ್ಗಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದವರಿಗೆ ಮಾತ್ರ. 2021ರ ಸೇನಾ ದಂಗೆಯ ನಂತರ ಮ್ಯಾನ್ಮಾರ್‌ನಿಂದ ಮಿಜೋರಾಂಗೆ ಬಂದ ಸಾವಿರಾರು ಚಿನ್ ಜನ ಬಹುತೇಕ ಕ್ರೈಸ್ತರೇ ಆದರೂ ಆ ಕಾಯ್ದೆಯಲ್ಲಿ ಅವರಿಲ್ಲ. ಅವರಿಗೆ ಅನ್ನ, ಸೂರು ಕೊಟ್ಟಿರುವುದು ಮಿಜೋ ಹಳ್ಳಿಗಳು, ಚರ್ಚುಗಳು, ಯುವಕ ಸಂಘಗಳು. ನಿಮ್ಮ ಸಭೆ ರೂಪಾಯಿಯಲ್ಲೇ ನೆರವಾಗಬೇಕೆಂದಿದ್ದರೆ ದೂರದ ವಿಮಾನಕ್ಕಿಂತ ಹತ್ತಿರದ ದಾರಿ ಇದು.

ಹೊರದೇಶಕ್ಕೇ ಕಳುಹಿಸುವುದಾದರೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಎಂಬ ವಿದೇಶಿ ಹಣ ರವಾನೆ ಯೋಜನೆಯಡಿ ಭಾರತದ ನಿವಾಸಿಯೊಬ್ಬರು ಆರ್ಥಿಕ ವರ್ಷಕ್ಕೆ ಎಲ್ಲ ಬಾಬತ್ತು ಸೇರಿ 2.5 ಲಕ್ಷ ಡಾಲರ್‌ವರೆಗೆ ಕಳುಹಿಸಬಹುದು. ದಾನವೂ ಅದರಲ್ಲಿ ಸೇರುತ್ತದೆ. ಪ್ಯಾನ್ ಕಡ್ಡಾಯ. ಈ ಸವಲತ್ತು ವ್ಯಕ್ತಿಗಳಿಗೆ ಮಾತ್ರ. ಟ್ರಸ್ಟಿಗೆ, ಸೊಸೈಟಿಗೆ ಇಲ್ಲ. ಸಭೆಯ ಖಾತೆಯಲ್ಲಿ ಒಟ್ಟು ಮಾಡಿ ಕಳುಹಿಸಲು ಹೊರಟರೆ ಬ್ಯಾಂಕು ತಡೆಯುತ್ತದೆ, ದತ್ತಿ ಟ್ರಸ್ಟು ದೇಶದ ಹೊರಗೆ ಖರ್ಚು ಮಾಡಿದ ಹಣಕ್ಕೆ ಆದಾಯ ತೆರಿಗೆ ವಿನಾಯಿತಿಯೂ ತೊಡಕಾಗುತ್ತದೆ. ವಿದೇಶಿ ಸಂಸ್ಥೆಗೆ ನೇರವಾಗಿ ಕೊಟ್ಟದ್ದಕ್ಕೆ 80ಜಿ ಎಂದು ನಾವು ಕರೆಯುವ ರಿಯಾಯಿತಿ ಸಿಗುವುದಿಲ್ಲ. ಪರಿಚಯದವರ ಕೈಯಲ್ಲಿ ನಗದು ಕಳುಹಿಸುವ ದಾರಿಯನ್ನು ಯಾರಾದರೂ ಸೂಚಿಸಿದರೆ ಆ ಸಂಸ್ಥೆಯ ಹೆಸರನ್ನೇ ಹೊಡೆದುಹಾಕಿ. ಕೆನಡಾದಲ್ಲಿರುವವರಿಗೆ ಒಂದು ಸೂಚನೆ: ಐವರು ಒಟ್ಟಾಗಿ ಪ್ರಾಯೋಜಿಸುವ ‘ಐವರ ಗುಂಪು’ ಮತ್ತು ಸಮುದಾಯ ಪ್ರಾಯೋಜಕರ ಹೊಸ ಅರ್ಜಿಗಳನ್ನು ಅಲ್ಲಿನ ಸರ್ಕಾರ 2024ರ ನವೆಂಬರ್ ಕೊನೆಯಲ್ಲಿ ತಡೆಹಿಡಿಯಿತು. ಇಂದಿನ ಸ್ಥಿತಿ ಏನೆಂದು ವಿಚಾರಿಸದೆ ಯಾವ ಕುಟುಂಬಕ್ಕೂ ಮಾತು ಕೊಡಬೇಡಿ.

ದೊಡ್ಡ ಮೊತ್ತ ಕೊಡುವವರು ಒಂದೇ ಸಲ ಕೊಡಬೇಕಿಲ್ಲ. ಮೂರನೆಯ ಒಂದು ಪಾಲು ವೀಸಾ ಸಿಕ್ಕಾಗ, ಇನ್ನೊಂದು ಪಾಲು 6ನೆಯ ತಿಂಗಳಲ್ಲಿ, ಕೊನೆಯ ಪಾಲು 18ನೆಯ ತಿಂಗಳಲ್ಲಿ ಎಂದು ಕರಾರು ಮಾಡಿಕೊಳ್ಳಿ. ಪ್ರತಿ ಕಂತಿಗೆ ಮುನ್ನ ಎಷ್ಟು ಕುಟುಂಬಗಳು ಅಲ್ಲೇ ಇವೆ, ಎಷ್ಟು ಬೇರೆ ದೇಶಕ್ಕೆ ಹೋದವು, ಎಷ್ಟು ಊರಿಗೆ ಮರಳಿದವು, ದುಡಿಯುವ ವಯಸ್ಸಿನವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿದೆ ಎಂಬ ಲೆಕ್ಕ ಕೇಳಿ. ಹೆಸರು, ಫೋಟೊ ಕೇಳಬೇಡಿ; ಊರಿನಲ್ಲಿ ಉಳಿದ ಬಂಧುಗಳಿಗೆ ಅದರಿಂದ ಅಪಾಯ. ಕುಟುಂಬ 3ನೆಯ ತಿಂಗಳಿಗೇ ಹೊರಟುಹೋದರೆ ಉಳಿದ ಹಣ ಯಾರಿಗೆ ಸೇರುತ್ತದೆ ಎಂಬುದನ್ನೂ ಕರಾರಿನಲ್ಲೇ ಬರೆಸಿಕೊಳ್ಳಿ.

ಇಂತಿ,
ನಿರಾಶ್ರಿತರ ಪುನರ್ವಸತಿಯ ಕಾನೂನು, ಲೆಕ್ಕಪತ್ರ ಹಾಗೂ ಭಾಷಾ ನೆರವಿನ ಕೆಲಸ ಬಲ್ಲ ಕೆಲವರು